ಪಲ್ಪರ್ ತೊಟ್ಟಿಯ ಮೀನು

ಮೊದಲೇ ಹೇಳಿಬಿಡುತ್ತೇನೆ, ಆ ಮೀನನ್ನು ಬಾಳೂರಿನ ನಮ್ಮ ಮನೆಗೆ ತಂದದ್ದು ನಾನಲ್ಲ, ನನ್ನ ಗಂಡ ನಂದನ್. ಚಿಕ್ಕಮಗಳೂರಿನ ಅಂಗಡಿಯಲ್ಲಿ ಹೆಬ್ಬೆರಳಷ್ಟಿದ್ದ ಕೆಂಪು ಬಾಲದ ಕ್ಯಾಟ್‌ಫಿಶ್ ಮೀಸೆ ಅಲ್ಲಾಡಿಸಿದ್ದೇ ತಡ, ಕವರಿಗೆ ಹಾಕಿಸಿಕೊಂಡು ಬಂದರು. ಅದು ಗಾಜಿನ ಪೆಟ್ಟಿಗೆಯಲ್ಲಿದ್ದ ಉಳಿದ ಮೀನುಗಳನ್ನೆಲ್ಲ ನುಂಗಿ, ನಿಲ್ಲಿಸಿದರೆ ನನ್ನ ಸೊಂಟಕ್ಕೆ ಬರುವಷ್ಟು ಬೆಳೆಯಿತು.

ಎಲ್ಲಿಡುವುದು? ಕಣದ ಪಕ್ಕ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ತೊಟ್ಟಿ ಕಾಫಿ ಕುಯ್ಲು ಮುಗಿದ ಮೇಲೆ ಖಾಲಿ ಬಿದ್ದಿರುತ್ತದಲ್ಲ, ಅಲ್ಲಿಗೆ ಬಿಟ್ಟರು. ಮತ್ತೆ ಕುಯ್ಲು ಬರುತ್ತದೆ ಅನ್ನುವ ಜ್ಞಾನ ಇಬ್ಬರಿಗೂ ಇರಲಿಲ್ಲ. ದಿನಾ ಕೋಳಿ ಕರುಳು ಹಾಕುವ ಕೆಲಸ ನನ್ನ ತಲೆಗೆ ಬಂತು. ಬೈಯುತ್ತಾ ಬೈಯುತ್ತಾ ಅದರ ಮೇಲೆ ಪ್ರೀತಿ ಬಂದುಬಿಟ್ಟಿತು, ಏನು ಮಾಡಲಿ!

ಈ ಡಿಸೆಂಬರಿನಲ್ಲಿ ಹಣ್ಣೆಲ್ಲ ಒಟ್ಟಿಗೇ ಕೆಂಪಾಯಿತು. ಸಿಪ್ಪೆ ಸುಲಿದ ಕಾಫಿಯನ್ನು ನೆನೆಸಿ ತೊಳೆಯಲು ತೊಟ್ಟಿ ಬೇಕೇ ಬೇಕು. ಅಂಗಡಿಯವನು ಮೀನನ್ನು ವಾಪಸ್ ತೆಗೆದುಕೊಳ್ಳಲು ಒಪ್ಪಲಿಲ್ಲ. ಹಳ್ಳಕ್ಕೆ ಬಿಟ್ಟರೆ ಅಲ್ಲಿರುವ ಮೀನೆಲ್ಲ ಇದರ ಹೊಟ್ಟೆಗೆ.

"ಈ ವರ್ಷ ಪಲ್ಪಿಂಗ್ ಬೇಡ ಕಣೇ. ಹಣ್ಣು ಹಂಗೇ ಒಣಗಿಸಿ ಚೆರಿ ಮಾಡಿ ಕೊಡೋಣ," ಅಂದರು ನಂದನ್.

ನನಗೆ ರೇಗಿತು. "ಮೀನಿಗೋಸ್ಕರ ಯಾರಾದ್ರೂ ಚೆರಿ ಮಾಡ್ತಾರಾ? ಸುಲಿದು ತೊಳ್ದು ಒಣಗಿಸಿದ ಪಾರ್ಚ್‌ಮೆಂಟಿನ ರೇಟು ಚೆರಿಗೆ ಸಿಗುತ್ತಾ? ಕೇಳಿದವ್ರು ನಗ್ತಾರೆ. ಕೆಂಪಯ್ಯಂಗೆ ಹೇಳಿ, ಹೊಡ್ದು ಹಾಕ್ಲಿ."

ಅವರು ಎದ್ದು ಕೆಂಪಯ್ಯನ ಮನೆ ಕಡೆ ಹೊರಟರು. ಜಗಳವಾಡಿದ್ದರೆ ನಾನು ಸೋಲುತ್ತಿದ್ದೆನೇನೋ.

ಬೆಳಿಗ್ಗೆ ನಮ್ಮ ತೋಟದ ಆಳು ಕೆಂಪಯ್ಯ ಬಲೆ, ಕತ್ತಿ ತಂದ. ತೊಟ್ಟಿಯ ತೂಬು ಕೆಸರು ಕಟ್ಟಿಕೊಂಡಿತ್ತು, ನೀರು ಇಳಿಯಲಿಲ್ಲ. ಬಲೆ ಬೀಸಿದಷ್ಟೂ ಮೀನು ತಳ ಹಿಡಿದು ಕೂತಿತು. ಕೊನೆಗೆ ಸುಸ್ತಾಗಿ, "ನೀವೇ ಕರೀರಿ ಅಮ್ಮಾ. ನೀವು ಕರೆದ್ರೆ ಬರುತ್ತೆ," ಅಂದ.

ಒಲ್ಲೆ ಅನ್ನಬಹುದಿತ್ತು. ಆದರೆ ಹಣ್ಣಿನ ಚೀಲಗಳು ಕಣದಲ್ಲಿ ಆಗಲೇ ಹುಳಿಯಲು ಶುರುವಾಗಿ ಬಿಸಿಯೇರುತ್ತಿದ್ದವು. ಕಟ್ಟೆಯ ಮೇಲೆ ಬಗ್ಗಿ ನೀರಿಗೆ ಅಂಗೈ ಬಡಿದೆ. "ಬಾ ಮಗಾ," ಅಂದೆ. ದಿನಾ ಹಾಗೇ ಅನ್ನುತ್ತಿದ್ದೆ, ಬೇರೆ ಮಾತು ಬಾಯಿಗೆ ಬರಲಿಲ್ಲ.

ಬಂತು. ಅಷ್ಟಗಲ ಬಾಯಿ ತೆರೆದು ನನ್ನ ಖಾಲಿ ಕೈಯ ಕೆಳಗೆ ನಿಂತಿತು. ಕೆಂಪಯ್ಯ ಬಲೆ ಎಳೆದ. ಬಲೆಯೊಳಗಿಂದಲೂ ಅದರ ಮೀಸೆ ನನ್ನ ಬೆರಳುಗಳನ್ನು ತಡಕುತ್ತಿತ್ತು.

ಅಯ್ಯೋ, ಪಾಪಿ ನಾನು. ಒಂದು ತುತ್ತಾದರೂ ಹಾಕಿ ಕರೆಯಬಾರದಿತ್ತೇ?