ಎರಡು ನಿಮಿಷ ನಿಲ್ಲಿಸಿ ಅಂದಿದ್ದಳು

ಸುತ್ತುತ್ತಲೇ ಇದೆ ಕಂಪ್ಯೂಟರ್ ಪರದೆಯ ಮೇಲೆ ಕಾಯಿರಿ ಅನ್ನುವ ಬಳೆ, ಸುತ್ತಲಿ, ಅದಕ್ಕೇನು, ಅದಕ್ಕೆ ಉಸಿರು ಕಟ್ಟುವುದಿಲ್ಲ — ಉಸಿರು ಕಟ್ಟಿರುವುದು ಎಲ್ಲೋ ಬಚ್ಚಲಿನಲ್ಲಿ ಬಿದ್ದ ಮುದುಕನಿಗೆ, ಅವನ ಮಗಳು ಫೋನಿನಲ್ಲಿ ಅಳುತ್ತಿದ್ದಾಳೆ, ಕರೆ ತೆಗೆದುಕೊಂಡ ಅಕ್ಕ ವಿಳಾಸ ಟೈಪ್ ಮಾಡಿ ಒತ್ತಿ ಆಗಿದೆ, ಒತ್ತಿದ್ದು ಹೋಗುತ್ತಿಲ್ಲ, ಏ, ನಿನ್ನ ಬ್ರೋಕರ್ ಸತ್ತಿದೆ ನೋಡೇ, ಅನ್ನುತ್ತಾಳೆ ಅಕ್ಕ, ನಿನ್ನ ಬ್ರೋಕರ್ ಅಂತೆ, ಇವಳೇನು ಅದನ್ನು ಹೆತ್ತಳೇ, ಈ ತುರ್ತುಕರೆ ಕೋಣೆಯಿಂದ ಆಂಬುಲೆನ್ಸ್ ಡ್ರೈವರುಗಳ ಫೋನಿಗೆ ವಿಳಾಸ ಸಾಗಿಸುವ ಒಂದು ಸಾಫ್ಟ್‌ವೇರ್, ಅದನ್ನು ಕಾಯುವ ಕೂಲಿ ಇವಳು, ಅಷ್ಟೇ. ಸತ್ತಿಲ್ಲ ಅಕ್ಕ, ಕಾಯ್ತಾ ಕೂತಿದೆ. ಕಾಯುವುದೇ ಅದರ ರೋಗ, ಹೇಳಿದ್ದಳಲ್ಲ, ಸಾಹೇಬರ ಮೇಜಿನ ಮುಂದೆ ನಿಂತು ಎಳೆಮಗುವಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದ್ದಳು — ಸರ್, ಯಾರಾದರೂ ಬಾಗಿಲಲ್ಲಿ ನಿಂತು ಬೆಟ್ಟದಷ್ಟು ದೊಡ್ಡ ಸಂದೇಶ ತರ್ತಿದೀನಿ ಅಂದರೆ ಸಾಕು, ಹೆಸರು ಕೇಳಲ್ಲ, ಪಾಸ್‌ವರ್ಡ್ ಕೇಳಲ್ಲ, ಮೆಮೊರಿಯಲ್ಲಿ ಅಷ್ಟೂ ಜಾಗ ತೆರವು ಮಾಡಿ ಕಾಯುತ್ತೆ, ಹತ್ತಾರು ಸಲ ಹಾಗಂದರೆ ಕಾಲಿಡೋಕೂ ಜಾಗ ಉಳಿಯಲ್ಲ, ನಿಜವಾದ ವಿಳಾಸ ಹೊರಗೇ ನಿಲ್ಲುತ್ತೆ, ತಯಾರಿಸಿದವರೇ ಆ ತಪ್ಪು ತಿದ್ದಿ ಹೊಸದು ಕಳಿಸಿದಾರೆ, ಎರಡು ನಿಮಿಷ ನಿಲ್ಲಿಸಿ, ಹಾಕಿಬಿಡ್ತೀನಿ. ನಿಲ್ಲಿಸೋದಾ, ಏನಮ್ಮ ನೀನು, ಒಂದು ದಿನವೂ ನಿಂತಿಲ್ಲ ಅನ್ನೋದೇ ನಮ್ಮ ಹೆಮ್ಮೆ, ನಮ್ಮ ಒಳಗಿನ ಜಾಲಕ್ಕೆ ಯಾವ ಕಳ್ಳ ಬರ್ತಾನೆ.

ಯಾವ ಕಳ್ಳನೂ ಬರಲಿಲ್ಲ, ಬಂದದ್ದು ಸಾಹೇಬರ ಬೋರ್ಡು, ನಿಲ್ಲದೆ ಓಡಿದ ದಿನಗಳನ್ನು ಇವತ್ತು ಬರುವ ಅತಿಥಿಗಳಿಗೆ ತೋರಿಸಲು ಬೆಳಿಗ್ಗೆ ಗೋಡೆಗೆ ಹೊಡೆದ ದೊಡ್ಡ ಡಿಜಿಟಲ್ ಬೋರ್ಡು, ಅದರ ಅರೆಬೆಂದ ಪ್ರೋಗ್ರಾಂ ಕ್ಷಣಕ್ಕೊಮ್ಮೆ ಬಾಗಿಲು ತಟ್ಟಿ ಬೆಟ್ಟ ತಂದೆ ಬೆಟ್ಟ ತಂದೆ ಅಂದಿದೆ, ಈ ಪೆದ್ದು ಪ್ರತಿಸಲವೂ ನಂಬಿದೆ, ಜಂಬವೇ ಬಂದು ಗಂಟಲು ಹಿಸುಕಿದೆ — ಬೋರ್ಡಿನ ತಂತಿ ಕಿತ್ತಾಯಿತು, ಬ್ರೋಕರನ್ನು ಮತ್ತೆ ಶುರು ಮಾಡಿದ್ದೂ ಆಯಿತು, ಹೊಟ್ಟೆಯುಬ್ಬರಿಸಿದ ಯಂತ್ರ ಮೇಲೇಳಬೇಕಲ್ಲ, ಅಕ್ಕ, ಡ್ರೈವರಣ್ಣನಿಗೆ ಫೋನೇ ಮಾಡು, ನಂಬರ್ ಎಲ್ಲಿದೆಯೇ, ಹರಟೆ ಹೊಡೀತೀರ ಅಂತ ಎಲ್ಲಾ ಅಳಿಸಿಹಾಕಿಸಿದರಲ್ಲ ನಿಮ್ಮ ಸಾಹೇಬರು, ನಿಮ್ಮ ಸಾಹೇಬರಂತೆ, ಅವರೂ ಇವಳ ಪಾಲಿಗೇ. ಪಕ್ಕದ ಕುರ್ಚಿಯವನು ವಿಳಾಸ ಗೀಚಿಕೊಂಡು ಮೆಟ್ಟಿಲಿಗೆ ಓಡಿದ್ದಾನೆ, ಎಂಟು ಮಹಡಿ, ಲಿಫ್ಟು ಅತಿಥಿಗಳಿಗೆ ಮೀಸಲು. ಇವಳು ಕಿಟಕಿಗೆ ಬಂದಳು, ಅಂಗಳದಲ್ಲಿ ಆಂಬುಲೆನ್ಸ್, ಡ್ರೈವರ್ ಮುಂದಿನ ಗಾಜು ಒರೆಸುತ್ತಿದ್ದಾನೆ, ಬಟ್ಟೆ ಹಿಂಡಿ ಒರೆಸುತ್ತಾನೆ, ಗುದ್ದುತ್ತಾಳೆ, ತೆರೆಯದ ಕಿಟಕಿ, ಕೂಗಿದ್ದು ಇವಳ ಮುಖಕ್ಕೇ ಬಡಿಯುತ್ತದೆ. ಇತ್ತ ಸಾಹೇಬರ ಫೋನು, ಏನಮ್ಮ, ಬೋರ್ಡ್ ಯಾಕೆ ಕಪ್ಪಾಗಿದೆ, ಗೆಸ್ಟುಗಳು ಗೇಟಲ್ಲಿದಾರೆ, ಸರ್, ಒಬ್ಬರು ಸಾಯ್ತಿದಾರೆ, ಅದಿರಲಿ, ಬೋರ್ಡ್ ಹಾಕು ಮೊದಲು, ಅದಿರಲಿ ಅಂತೆ, ಅದಿರಲಿ — ಅಕ್ಕನ ಮೇಜಿನಿಂದ ಬರುತ್ತಿದ್ದ ಅಳು ನಿಂತಿದೆ, ಹಲೋ, ಅಮ್ಮ, ಲೈನಲ್ಲಿದೀರಾ, ಅಪ್ಪ ಉಸಿರಾಡ್ತಿದಾರಾ ನೋಡಿ, ಅನ್ನುತ್ತಲೇ ಇದ್ದಾಳೆ ಅಕ್ಕ, ಓಡಿದವನು ಇನ್ನೂ ಅಂಗಳಕ್ಕೆ ಬಂದಿಲ್ಲ, ಯಾವ ಮಹಡಿಯಲ್ಲಿದ್ದಾನೋ, ಕೆಳಗೆ ಬಾನೆಟ್ಟಿನ ಮೇಲೆ ವಿಳಾಸ ಬರಬೇಕಾದ ಫೋನು ಬೆಳಗದೆ ಬಿದ್ದಿದೆ, ಡ್ರೈವರ್ ಬಟ್ಟೆ ಮಡಚುತ್ತಾನೆ, ಬಾಯಿಂದ ಊದುತ್ತಾನೆ, ಒರೆಸುತ್ತಾನೆ, ಒಂದು ಕಲೆಯೂ ಇಲ್ಲದ ಗಾಜು, ಒರೆಸುತ್ತಾನೆ, ಹಿಂದೆ ಸರಿದು ತಲೆ ಓರೆ ಮಾಡಿ ನೋಡುತ್ತಾನೆ, ಮತ್ತೆ ಒರೆಸುತ್ತಾನೆ