ಅಲುಗದ ಹಾಗೆ

“ಇನ್ನೂ ಸ್ವಲ್ಪ ಓರೆ ಮಾಡಿ ಸಾರ್,” ಎಂದ ಶವವಾಹನದ ಚಾಲಕ. ಸತ್ತವಳ ತಮ್ಮ ಓರೆ ಮಾಡಿದ. ಲಿಫ್ಟಿನ ಬಾಗಿಲು ಶವಪೆಟ್ಟಿಗೆಯ ಮೂಲೆಗೆ ಬಡಿದು ಹಿಂದೆ ಸರಿಯಿತು, ಮತ್ತೆ ಬಂದು ಬಡಿಯಿತು. ಎಷ್ಟು ತಿರುಗಿಸಿದರೂ ಒಂದು ಗೇಣು ಹೊರಗೇ ಉಳಿಯುತ್ತಿತ್ತು.

“ಇಷ್ಟು ಉದ್ದದ್ದು ಯಾಕೆ ತಂದ್ರಿ? ಒಳಗಿರೋರು ನೋಡಿದ್ರೆ ಇಷ್ಟೇ ಇಷ್ಟು ಇದ್ದಾರೆ.”

“ಅಂಗಡಿಯವನು ಅಳತೆ ಕೇಳಿದ. ಅಕ್ಕ ನನಗಿಂತ ಎತ್ತರ ಅಂದೆ.”

ಅವನು ಸುಳ್ಳೇನೂ ಹೇಳಿರಲಿಲ್ಲ. ಶಾಲೆಗೆ ಕೈಹಿಡಿದು ಕರೆದೊಯ್ಯುವಾಗ ಅಕ್ಕ ಎತ್ತರ ಇದ್ದಳು. ಅವನ ಮದುವೆಯ ಫೋಟೋದಲ್ಲೂ ಎತ್ತರ ಇದ್ದಾಳೆ. ಆಮೇಲೆ ಯಾವಾಗ ಇಷ್ಟು ಕುಗ್ಗಿಹೋದಳೋ, ನೋಡುವವರು ಯಾರಿದ್ದರು?

ನಾಲ್ಕನೇ ಮಹಡಿಯಿಂದ ಮೆಟ್ಟಿಲಲ್ಲೇ ಇಳಿಸಬೇಕು, ಅದಕ್ಕೆ ನಾಲ್ಕು ಜನ ಬೇಕು. ಇದ್ದದ್ದು ತಮ್ಮ ಮತ್ತು ಚಾಲಕ. ಎದುರು ಮನೆಯವರು ಸೊಂಟನೋವಿನ ಬೆಲ್ಟು ತೋರಿಸಿ, ಕೈಮುಗಿದು, ಬಾಗಿಲು ಮುಂದೆ ಮಾಡಿಕೊಂಡಿದ್ದರು. ನಿನ್ನೆ ಸಂಜೆ ಅವನು ಅಕ್ಕನ ಫೋನಿನಿಂದಲೇ ಅವಳ ಗಿರಾಕಿಗಳ ವಾಟ್ಸಾಪ್ ಗುಂಪಿಗೆ ಸುದ್ದಿ ಹಾಕಿದ್ದ. ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬಂದವು. ನಡುವೆ ಒಬ್ಬ ಮಹಾನುಭಾವ, ‘ತುಂಬಾ ದುಃಖದ ವಿಷಯ. ಆ ಕೆಂಪು ಫೈರ್ ಇಂಜಿನ್ ಇನ್ನೂ ಇದೆಯಾ?’ ಎಂದು ಕೇಳಿದ್ದ.

“ಯಾರೂ ಬರಲ್ಲ ಕಣ್ರೀ,” ಎಂದಳು ತಮ್ಮನ ಹೆಂಡತಿ, ಮೆಟ್ಟಿಲ ಕಡೆ ನೋಡುತ್ತಾ. “ಅತ್ತಿಗೇನ ಹೀಗೆ ಲಿಫ್ಟಿನ ಮುಂದೆ ಎಷ್ಟೊತ್ತು ಇಟ್ಕೊಂಡಿರ್ತೀರಿ?”

*

ಅಕ್ಕ ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ಬೇರೆಯವರು ಚಿನ್ನ ಕೊಳ್ಳುವಂತೆ ಅವಳು ಆಟಿಕೆ ಕೊಳ್ಳುತ್ತಿದ್ದಳು. ಹೊಸದಾಗಿ ಬಂದ ಕಾರು, ರೈಲು, ಗೊಂಬೆ ತಂದು, ಸೀಲು ಒಡೆಯದೆ ಕಪಾಟಿನಲ್ಲಿಡುವುದು. ಕಂಪನಿ ಅದನ್ನು ಮಾಡುವುದು ನಿಲ್ಲಿಸಿ, ಜನ ಹುಡುಕಿಕೊಂಡು ಅಲೆಯತೊಡಗಿದಾಗ ಹೊರಗೆ ತೆಗೆದು ಮಾರುವುದು. ಡಬ್ಬದ ಮೂಲೆ ಮುದುರಿದರೂ ಬೆಲೆ ಬಿತ್ತೆಂದೇ ಲೆಕ್ಕ.

“ಮದುವೆ ಬೇಡ, ಮಕ್ಕಳು ಬೇಡ, ಮನೆ ತುಂಬ ಆಟದ ಸಾಮಾನು!” ಎಂದು ಅಮ್ಮ ಬಯ್ಯುತ್ತಿದ್ದಳು. “ನಾಳೆ ನಿನ್ನ ಹೊರೋಕೆ ನಾಲ್ಕು ಜನ ಬೇಡ್ವೇನೆ?”

“ಗಿರಾಕಿಗಳು ಬರ್ತಾರೆ ಬಿಡಮ್ಮ,” ಎಂದು ಅಕ್ಕ ನಗುತ್ತಿದ್ದಳು.

“ಒಳಗೆ ಹೇಗಿದೆ ಅಂತ ಒಂದ್ಸಲ ತೆಗೆದು ನೋಡ್ಬೇಕು ಅನ್ಸಲ್ವಾ ನಿಂಗೆ?” ಎಂದು ತಮ್ಮ ಒಮ್ಮೆ ಕೇಳಿದ್ದ.

“ನೋಡಿದ್ರೆ ಆಸೆ ಹುಟ್ಟುತ್ತೆ. ಆಸೆ ಹುಟ್ಟಿದ್ರೆ ಮಾರೋಕಾಗಲ್ಲ ಕಣೋ.”

ಅವನ ಮಗಳು ಚಿಕ್ಕವಳಿದ್ದಾಗ, ದೊಡ್ಡವರು ಮಾತಿನಲ್ಲಿದ್ದ ಹೊತ್ತಿಗೆ ಒಂದು ಡಬ್ಬ ಹರಿದು ಒಳಗಿನ ಗೊಂಬೆಯನ್ನು ಎದೆಗವಚಿಕೊಂಡು ಬಂದಳು. ಅಕ್ಕ ಬಯ್ಯಲಿಲ್ಲ. ನೆಲದ ಮೇಲೆ ಕೂತು ಹರಿದ ರಟ್ಟನ್ನು ಉಗುರಿನಿಂದ ನೀವುತ್ತಾ ನೀವುತ್ತಾ ಇದ್ದುಬಿಟ್ಟಳು. ಬಯ್ದಿದ್ದರೆ ತಮ್ಮ ಸಹಿಸುತ್ತಿದ್ದ.

“ಮಗುಗಿಂತ ರಟ್ಟು ಹೆಚ್ಚಾಯ್ತಾ ನಿಂಗೆ?” ಎಂದು ಮಗಳನ್ನು ಎತ್ತಿಕೊಂಡು ಹೊರಟುಬಿಟ್ಟ. ಆಮೇಲೆ ಹಬ್ಬಕ್ಕೊಂದು ಹುಣ್ಣಿಮೆಗೊಂದು ಫೋನು, ಬರುಬರುತ್ತಾ ಅದೂ ನಿಂತಿತು. ಕಾಯಿಲೆಯ ಸುದ್ದಿಯನ್ನು ಅವನಿಗೆ ಹೇಳಿದವಳು ಆಸ್ಪತ್ರೆಯ ನರ್ಸು.

*

ಮೆಟ್ಟಿಲಲ್ಲಿ ಏದುಸಿರು ಕೇಳಿಸಿತು. ಹೆಗಲಿಗೆ ಚೀಲ ಹಾಕಿಕೊಂಡ ಬೋಳುತಲೆಯ ಮನುಷ್ಯನೊಬ್ಬ ಮೇಲೆ ಬಂದು ಗೋಡೆ ಹಿಡಿದು ನಿಂತ.

“ಗೊಂಬೆ ಮೇಡಂ ಮನೆ ಇದೇ ಅಲ್ವಾ?”

ಹೆಣ ಎತ್ತುವ ಮೊದಲೇ ವ್ಯಾಪಾರಕ್ಕೆ ಬಂದನಲ್ಲ ಎಂದು ತಮ್ಮನಿಗೆ ಮೈ ಉರಿಯಿತು. “ಸಾಮಾನಿನ ವಿಷಯ ಇವತ್ತು ಬೇಡ,” ಎಂದ.

“ಸಾಮಾನಿಗಲ್ಲ ಸಾರ್, ಹೊರೋಕೆ ಬಂದೆ,” ಎಂದ ಬೋಳುತಲೆಯವನು. “ನಾನು ಹೋದ್ರೆ ಹೊರೋಕೆ ಬರ್ತೀರಾ ಅಂತ ಮೇಡಂ ಒಂದ್ಸಲ ತಮಾಷೆಗೆ ಕೇಳಿದ್ರು. ಬರ್ತೀನಿ ಅಂದಿದ್ದೆ. ಅದಕ್ಕೇ ರಾತ್ರಿ ಬಸ್ಸು ಹತ್ತಿದೆ.”

ತಮ್ಮ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಬಂದವನು ಪೆಟ್ಟಿಗೆಯೊಳಗಿನ ಮುಖ ನೋಡಿ ಗಾಬರಿಯಾದ.

“ಇಷ್ಟು ಸಣ್ಣಗಿದ್ರಾ? ಮುಖ ನೋಡಿದ್ದು ಇವತ್ತೇ ಸಾರ್. ಫೋನಲ್ಲಿ ದನಿ ಜೋರಾಗಿರ್ತಿತ್ತು, ದೊಡ್ಡ ಆಳು ಅಂದ್ಕೊಂಡಿದ್ದೆ.”

“ಮೂರು ಜನ ಆದ್ವಿ. ಇನ್ನೊಬ್ರು?” ಎಂದ ಚಾಲಕ.

ಹೆಂಡತಿ ಕೈಚೀಲ ಕೆಳಗಿಟ್ಟು ಸೆರಗು ಸಿಕ್ಕಿಸಿದಳು. “ನಾನಿದೀನಲ್ಲ.”

ಮುಚ್ಚಳ ಹಾಕಿ ನಾಲ್ವರೂ ಎತ್ತಿದರು. ಮೊದಲ ತಿರುವಿನಲ್ಲಿ ಪೆಟ್ಟಿಗೆ ಮುಂದಕ್ಕೆ ವಾಲಿದ್ದೇ ತಡ, ಒಳಗೆ ಏನೋ ಜಾರಿ ಧಡ್ ಎಂದಿತು. ಎಲ್ಲರ ಕಾಲೂ ನಿಂತುಹೋಯಿತು.

“ಇಳಿಸಿ, ಇಳಿಸಿ,” ಎಂದ ಬೋಳುತಲೆಯವನು. “ಹೀಗೆ ಒಯ್ಯೋದು ಬೇಡ. ಮೇಡಂ ಕಳಿಸಿದ ಒಂದು ಪಾರ್ಸೆಲ್ಲೂ ಒಳಗೆ ಅಲುಗಾಡಿದ್ದಿಲ್ಲ. ಅವರು ತುಂಬೋ ಪೇಪರ್ ಎಲ್ಲಿದೆ?”

ಹೆಂಡತಿ ಮೇಲೆ ಓಡಿ ಎರಡೂ ತೋಳಲ್ಲಿ ತಬ್ಬುವಷ್ಟು ತೆಳು ಬಿಳಿ ಕಾಗದ ತಂದಳು. ಬೋಳುತಲೆಯವನು ಮುಚ್ಚಳ ತೆಗೆದು, ಮೆಟ್ಟಿಲ ಮೇಲೇ ಕೂತು, ಹಾಳೆಗಳನ್ನು ಮುದುರಿ ಮುದುರಿ ಪಾದದ ಬಳಿ ಇಟ್ಟ, ಪಕ್ಕೆಗಳ ಬಳಿ ಇಟ್ಟ.

“ಗಟ್ಟಿ ತುಂಬಿದ್ರೆ ಒತ್ತುತ್ತೆ, ಸಡಿಲ ಬಿಟ್ರೆ ಜಾರುತ್ತೆ. ಇದನ್ನ ಹೇಳಿಕೊಟ್ಟಿದ್ದೂ ಮೇಡಮ್ಮೇ. ತಲೆ ಹತ್ರ ನೀವು ಮಾಡಿ ಸಾರ್. ನೀವು ಮನೆಯವರು.”

ತಮ್ಮ ಅಕ್ಕನ ತಲೆಯ ಕೆಳಗೆ ಕೈ ತೂರಿಸಿದ. ಅದರಲ್ಲಿ ಭಾರವೇ ಇರಲಿಲ್ಲ. ಬೆಳಗಿನಿಂದ ಲಿಫ್ಟು, ಗಾಡಿ, ಸ್ಮಶಾನದ ಚೀಟಿ ಎಂದು ಓಡಾಡುತ್ತಿದ್ದವನಿಗೆ ಈಗ ತಡೆಯಲಾಗಲಿಲ್ಲ.

“ಅಳತೆ ತಪ್ಪು ಹೇಳ್ಬಿಟ್ಟೆ ಕಣೇ ಅಕ್ಕಾ,” ಎಂದು ಬಿಕ್ಕಿಬಿಕ್ಕಿ ಅತ್ತ. ಚಾಲಕ ಕೈಗಡಿಯಾರ ನೋಡಲು ಹೋಗಿ ತೋಳು ಇಳಿಸಿದ. ಹೆಂಡತಿ ಒಂದೊಂದೇ ಹಾಳೆ ಮುದುರಿ ಗಂಡನ ಕೈಗೆ ಕೊಡುತ್ತಾ ಹೋದಳು. ಕೊನೆಗೆ ಬೋಳುತಲೆಯವನು ಮುಚ್ಚಳ ಹಾಕಿ, ಪೆಟ್ಟಿಗೆಯನ್ನು ಒಂದು ಬದಿಯಿಂದ ಮೆಲ್ಲಗೆ ಎತ್ತಿ, ಕಿವಿಗೊಟ್ಟು ಕೇಳಿ, ಸರಿ ಎಂಬಂತೆ ತಲೆಯಾಡಿಸಿದ.

ಉಳಿದ ಮೆಟ್ಟಿಲುಗಳಲ್ಲಿ ಅವರ ಚಪ್ಪಲಿಗಳ ಸದ್ದು ಮಾತ್ರ ಇತ್ತು.

ಕೆಳಗೆ ಚಾಲಕ ಮುಂದಿನ ಸೀಟು ತೋರಿಸಿದ. “ಹಿಂದೆ ಕುಲುಕಾಟ ಜಾಸ್ತಿ. ಯಾರಾದ್ರೂ ಇಲ್ಲಿ ಕೂತ್ಕೊಳ್ಳಿ.”

“ಅದಕ್ಕೇ ಹಿಂದೆ ಕೂರ್ತೀನಿ,” ಎಂದು ಬೋಳುತಲೆಯವನು ಹಿಂದೆ ಹತ್ತಿ, ಪೆಟ್ಟಿಗೆಗೆ ಮೊಣಕಾಲು ಆನಿಸಿ, ಮುಚ್ಚಳದ ಮೇಲೆ ಎರಡೂ ಅಂಗೈ ಇಟ್ಟ. ತಮ್ಮ ಎದುರಿಗೆ ಕೂತು ಹಾಗೇ ಮಾಡಿದ. ಹೆಂಡತಿ ಪಾದದ ಕಡೆ ಹಿಡಿದಳು. ರಸ್ತೆಯ ತಿರುವುಗಳಲ್ಲಿ ಗಾಡಿ ವಾಲಿದಾಗಲೆಲ್ಲ ಮೂವರೂ ಒಟ್ಟಿಗೆ ಒತ್ತಿ ಹಿಡಿದರು.

ಗಾಡಿ ನಿಂತಿತು. ಚಾಲಕ ಬಂದು ಹಿಂದಿನ ಬಾಗಿಲು ತೆರೆದ.

“ಬಂತು ಸಾರ್. ಇಳೀರಿ.”

ಇಂಜಿನ್ ಆರಿತ್ತು, ಗಾಡಿ ಅಲುಗುತ್ತಿರಲಿಲ್ಲ. ಮೂವರೂ ಪೆಟ್ಟಿಗೆಯ ಮೇಲಿನ ಕೈ ತೆಗೆಯದೆ ಹಾಗೇ ಕೂತಿದ್ದರು.