ಮುಳುಗಿಸಿಟ್ಟ ದೋಣಿ

೧೯೬೩ರ ಬೇಸಿಗೆಯಲ್ಲಿ ನಾನು ಹೆಬ್ಬಾಳ ಕೆರೆಯ ಹಾಯಿದೋಣಿ ಕ್ಲಬ್ಬಿನಲ್ಲಿ ಟೈಪಿಸ್ಟಾಗಿದ್ದೆ. ಕ್ಲಬ್ಬಿಗೆ ನಾಲ್ಕು ಹೊಸ ದೋಣಿ ಬೇಕಿತ್ತು. ಬೆಳಿಗ್ಗೆ ಪಂದ್ಯಕ್ಕೂ ಸಂಜೆ ಹೆಂಡತಿ ಮಕ್ಕಳ ವಿಹಾರಕ್ಕೂ ಅದೇ ದೋಣಿ ಆಗಬೇಕು. ಸದಸ್ಯರು ದುಡ್ಡಿದ್ದವರು, ಅದಕ್ಕೇ ಜಿಪುಣರು.

ಹೋಲಿಸಿ ನೋಡಲು ಎರಡು ದೋಣಿಗಳಿದ್ದವು. ಒಂದು ಬೊಂಬಾಯಿಯಿಂದ ಮಾದರಿಗೆಂದು ಬಂದದ್ದು. ಇನ್ನೊಂದನ್ನು ಮಾಡಿದವನು ಕೊಡಿಗೇಹಳ್ಳಿಯ ಗಾಡಿ ಬಡಗಿ ಆನಂದಪ್ಪ, ನನ್ನ ಸೋದರಮಾವ. ಊರಿನವರೆಲ್ಲ ಟೈರ್ ಗಾಡಿಗೆ ತಿರುಗಿಕೊಂಡ ಮೇಲೆ ಎರಡು ವರ್ಷದಿಂದ ಅವನಿಗೆ ಒಂದು ಚಕ್ರದ ಕೆಲಸವೂ ಬಂದಿರಲಿಲ್ಲ. ಈ ನಾಲ್ಕು ದೋಣಿ ಸಿಕ್ಕರೆ ಮತ್ತೆ ಬಾಚಿ, ಉಳಿ ಹಿಡಿಯುತ್ತಾನೆ. ಸಿಗದಿದ್ದರೆ ಯಶವಂತಪುರದ ಮರದ ಮಂಡಿಯಲ್ಲಿ ದಿಮ್ಮಿ ಹೊರುತ್ತಾನೆ, ಐವತ್ತೆರಡನೆಯ ವಯಸ್ಸಿನಲ್ಲಿ.

ಬೊಂಬಾಯಿಯದು ತೆಳ್ಳಗೆ, ಹಗುರಾಗಿ, ಕನ್ನಡಿಯಂತೆ ಹೊಳೆಯುತ್ತಿತ್ತು. ಅದರಲ್ಲಿ ಮೂವರು ಕೂತರೆ ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಮಾವನದು ಹಲಸಿನ ಹಲಗೆಯದು, ಅಗಲ ತಳ, ಕೀಲೆಣ್ಣೆಯ ವಾಸನೆ. ಕ್ಲಬ್ಬಿನವರು ಅದಕ್ಕೆ ಎಮ್ಮೆ ಎಂದು ಹೆಸರಿಟ್ಟರು. ನೋಡಿದರೆ ಹೆಸರು ತಪ್ಪೇನೂ ಅನ್ನಿಸುತ್ತಿರಲಿಲ್ಲ.

ಎರಡು ದೋಣಿಗಳ ಪರೀಕ್ಷೆಗೆ ಎಂಟು ದಿನ ಮುಂಚೆ ಕಾರ್ಯದರ್ಶಿ ಕೃಷ್ಣಯ್ಯನವರು ಕೆರೆ ದಡದಲ್ಲಿ ನಿಂತು ನನ್ನನ್ನು ಕೂಗಿದರು. ನೀರಿನೊಳಗೆ ಎಮ್ಮೆಯ ಅಂಚು ಮಾತ್ರ ಕಾಣುತ್ತಿತ್ತು. ಪಕ್ಕದಲ್ಲೇ ಮಾವ ಬೀಡಿ ಸೇದುತ್ತ ಕೂತಿದ್ದ.

"ಏನಪ್ಪಾ ಇದು, ನಿನ್ನ ದೋಣಿ ಮುಳುಗಿಹೋಗಿದೆ."

"ಮುಳುಗಿಲ್ಲ ಸಾಮಿ, ನಾನೇ ಕಲ್ಲು ತುಂಬಿ ಮುಳುಗ್ಸಿವ್ನಿ. ಬೇಸ್ಗೇಲಿ ಗಾಡಿ ಚಕ್ರನ ಕೆರೆಗಾಕಲ್ವಾ? ಮರ ನೀರು ಕುಡುದ್ರೆ ಊದ್ಕೊಂಡು ಕಬ್ಣದ ಪಟ್ಟಾ ಬಿಗಿ ಆಯ್ತದೆ. ಇದೂ ಮರಾನೇ ತಾನೇ."

"ಅದು ಚಕ್ರ, ಇದು ದೋಣಿ."

"ನಿಮ್ ಬೊಂಬಾಯಿದೂ ಬಿಸ್ಲಲ್ಲಿ ಒಣಗಿ ಬಾಯಿ ಬುಟ್ಟೈತೆ. ಸಂದಿಗೆ ನನ್ನ ಉಗುರು ಓಯ್ತದೆ. ನೀವೂ ಇಂಗೇ ಇಳ್ಸಿ."

ಕೃಷ್ಣಯ್ಯ ನಕ್ಕು, ಪರೀಕ್ಷೆಗೆ ಮುಂಚೆಯೇ ಎಮ್ಮೆ ಮುಳುಗಿತೆಂದು ವರದಿಯಲ್ಲಿ ಬರೆಯಲು ಹೇಳಿದರು. ಬರೆದೆ. ಸಂಬಳ ಅವರದು. ಬೊಂಬಾಯಿ ದೋಣಿ ಏಪ್ರಿಲ್ ಬಿಸಿಲಿನಲ್ಲಿ ದಡದಲ್ಲಿ ಮರದ ಆಧಾರಗಳ ಮೇಲೇ ಉಳಿಯಿತು. ಜವಾನ ದಿನಾ ಒರೆಸುತ್ತಿದ್ದ.

ಮಾವನ ಹೆಂಡತಿ ಮುನಿಕೆಂಪಮ್ಮ ಅವನಿಗೆ ಮುದ್ದೆಯ ಜೊತೆ ಬೈಗುಳವನ್ನೂ ಬಡಿಸಿದಳು. "ಎದುರಾಳಿಗೆ ಬುದ್ಧಿ ಯೋಳಾಕೆ ಓಗಿದ್ನಂತೆ. ನಾಳೆ ದಿಮ್ಮಿ ಒರುವಾಗ ನಿನ್ನ ಬುದ್ಧೀನೂ ತಲೆ ಮ್ಯಾಲೆ ಮಡಿಕ್ಕೊ."

ಪರೀಕ್ಷೆಯ ದಿನ ಎರಡನ್ನೂ ಕೃಷ್ಣಯ್ಯನವರೇ ನಡೆಸಿದರು. ಬೇರೆಯವರಿಗೆ ಬರುತ್ತಿರಲಿಲ್ಲವೆಂದಲ್ಲ, ಇವರು ಬಿಡುತ್ತಿರಲಿಲ್ಲ. ನಾನು ಗಡಿಯಾರ ಹಿಡಿದಿದ್ದೆ. ಕೆರೆಯಲ್ಲಿ ನೆಟ್ಟ ಬಿದಿರು ಗಳಗಳ ಸುತ್ತ ಎರಡು ಸುತ್ತಿಗೆ ಬೊಂಬಾಯಿಯದು ಇಪ್ಪತ್ತೊಂದು ನಿಮಿಷ ತೆಗೆದುಕೊಂಡಿತು, ಎಮ್ಮೆ ಇಪ್ಪತ್ತೊಂಬತ್ತು. ಮಾವನ ಬೀಡಿ ಕೈಯಲ್ಲೇ ಆರಿತ್ತು. ಕೃಷ್ಣಯ್ಯನವರ ಷರಾಯಿ ಮಾತ್ರ ಕಣಕಾಲಿನವರೆಗೆ ನೆನೆದಿತ್ತು. ಅಲೆ ಹಾರಿತು ಎಂದರು. ಹೆಬ್ಬಾಳ ಕೆರೆಯಲ್ಲಿ ನಿಜವಾದ ಎಮ್ಮೆ ಮಗ್ಗುಲು ಬದಲಿಸಿದರೆ ಉಂಟು, ಇಲ್ಲದಿದ್ದರೆ ಅಲೆಯಿಲ್ಲ.

ಆಮೇಲೆ ವಿಹಾರ. ಕಾರ್ಯದರ್ಶಿಯ ಹೆಂಡತಿ ಗೋಪಾಲಮ್ಮ, ಅವರ ತಂಗಿ, ಕಾಫಿ ಫ್ಲಾಸ್ಕು, ಚಕ್ಕುಲಿ ಡಬ್ಬ, ಎಲ್ಲ ಬೊಂಬಾಯಿ ದೋಣಿ ಹತ್ತಿದವು. ಭಾರಕ್ಕೆ ದೋಣಿ ತಗ್ಗಿತು. ಅದುವರೆಗೆ ನೀರು ಮುಟ್ಟದಿದ್ದ ಮೇಲಿನ ಒಣ ಹಲಗೆಗಳೂ ಮುಳುಗಿ, ಸಂದುಸಂದಿನಿಂದ ನೀರು ನುಗ್ಗಿತು. ಕೆರೆಯ ನಡುವಿನಲ್ಲಿ ಗೋಪಾಲಮ್ಮ ಚಕ್ಕುಲಿಯನ್ನು ತಂಗಿಯ ಸೆರಗಿಗೆ ಸುರಿದು, ಡಬ್ಬದಲ್ಲಿ ನೀರು ಮೊಗೆದು ಹಾಕುತ್ತಿದ್ದುದು ನಮಗೆ ದಡಕ್ಕೇ ಕಂಡಿತು.

ದಡ ಸೇರಿದಾಗ ಅವರ ಮೈಸೂರು ರೇಷ್ಮೆ ಮೊಣಕಾಲಿನವರೆಗೆ ಕೆಸರು ಬಣ್ಣಕ್ಕೆ ತಿರುಗಿತ್ತು. ಅವರು ಯಾರನ್ನೂ ಕೇಳದೆ ಎಮ್ಮೆ ಹತ್ತಿ ಕೂತರು. ಒಂದು ಗಂಟೆ ತಿರುಗಿದರು. ಒಳಗೆ ಒಂದು ಹನಿ ನೀರಿಲ್ಲ. ಉಳಿದ ಚಕ್ಕುಲಿ ಮುಗಿದ ಮೇಲೇ ಇಳಿದದ್ದು.

"ವಿಹಾರಕ್ಕೆ ಇದು ಸರಿ," ಎಂದು ಕೃಷ್ಣಯ್ಯ ಒಪ್ಪಿಕೊಂಡರು. "ಆದ್ರೆ ರೇಸಿಗೆ ಎಂಟು ನಿಮಿಷ ಹಿಂದೆ. ರೇಸ್ ಇಲ್ದೆ ಕ್ಲಬ್ ಯಾಕೆ? ಬೊಂಬಾಯಿಗೇ ಬರೆಯೋಣ."

ಮಾವ ಎದ್ದು ಪಂಚೆ ಕೊಡವಿದ. ಮಂಡಿಗೆ ಹೋಗುವ ದಾರಿ ಅವನ ಮುಖದಲ್ಲೇ ಕಾಣುತ್ತಿತ್ತು.

ಗೋಪಾಲಮ್ಮ ಸೀರೆ ಹಿಂಡುತ್ತಲೇ ಕೇಳಿದರು. "ರೀ, ನಾಲ್ಕು ದೋಣೀನೂ ಒಂದೇ ಥರದ್ದು ತಾನೇ ತಗೊಳ್ಳೋದು?"

"ಹೌದು."

"ನಾಲ್ಕೂ ಎಮ್ಮೇನೇ ಆದ್ರೆ ಯಾರಿಗಿಂತ ಎಂಟು ನಿಮಿಷ ಹಿಂದೆ? ಮುಂದೆ ಬಂದ ಎಮ್ಮೆ ಗೆದ್ದ ಹಾಗೆ. ಕಂಬಳದಲ್ಲಿ ಕೋಣ ಓಡಿಸೋವಾಗ ಕುದುರೆ ತಂದು ಹೋಲಿಸ್ತಾರಾ?"

ಕೃಷ್ಣಯ್ಯ ಬಾಯಿ ಬಿಟ್ಟರು. ಆ ಮಟ್ಟಿಗೆ ಅವರೂ ಬೊಂಬಾಯಿ ದೋಣಿಯಂತೆಯೇ. ಎರಡು ದಿನ ಬಿಗುಮಾನ ತೋರಿಸಿ, ನಾಲ್ಕೂ ದೋಣಿಯನ್ನು ಮಾವನಿಗೇ ಒಪ್ಪಿಸಿದರು. ಎಮ್ಮೆ ಮುಳುಗಿತೆಂಬ ಸಾಲನ್ನು ನಾನು ಕೇಳದೆಯೇ ಹೊಡೆದುಹಾಕಿದೆ.

ಮುಂದಿನ ಸೋಮವಾರ ಬೆಳಿಗ್ಗೆ ಮಾವನೂ ನಾನೂ ಏರಿಯ ಮೇಲೆ ಬರುತ್ತಿದ್ದೆವು. ಕೆಳಗೆ ಕೃಷ್ಣಯ್ಯನವರು ಒಬ್ಬರೇ, ಷರಾಯಿ ಮಡಚಿಕೊಂಡು, ಬೊಂಬಾಯಿ ದೋಣಿಯೊಳಕ್ಕೆ ಕಲ್ಲು ಹಾಕುತ್ತಿದ್ದರು. ನಮ್ಮನ್ನು ಕಂಡು ಆ ಕಡೆ ತಿರುಗಿ ನಿಂತರು.

ಮಾವ ಏರಿಯಿಂದಲೇ ಬಗ್ಗಿ ನೋಡಿದ. "ಇನ್ನೆರಡು ಕಲ್ಲಾಕಿ ಸಾಮಿ," ಅಂದ. "ತೇಲ್ತಾನೇ ಐತೆ."